ಒಗ್ಗರಣೆ ಆಯ್ತಾ? ಬನ್ನಿ, ಇನ್ನು ವೆಬ್ ಪುಟ ಮಾಡೋಣ!

ತಿಂಡಿ ಮುಗಿದು, ಮಕ್ಕಳು ಶಾಲೆಗೆ, ಮನೆಯವರು ಕೆಲಸಕ್ಕೆ ಹೊರಟ ಮೇಲೆ ಹನ್ನೊಂದರಿಂದ ಹನ್ನೆರಡೂವರೆವರೆಗೆ ನಿಮ್ಮದೇ ಅಂತ ಒಂದಿಷ್ಟು ಹೊತ್ತು ಸಿಗುತ್ತದಲ್ಲ, ಅದನ್ನು ಏನು ಮಾಡ್ತೀರಿ? ಧಾರಾವಾಹಿಯ ಮರುಪ್ರಸಾರ, ಮೊಬೈಲಿನಲ್ಲಿ ರೀಲ್ಸ್, ಇಲ್ಲವೇ ಒಂದು ಸಣ್ಣ ನಿದ್ದೆ. ತಪ್ಪೇನಿಲ್ಲ ಬಿಡಿ, ದಣಿದ ಜೀವಕ್ಕೆ ಅದೂ ಬೇಕು. ಆದರೆ ಮದುವೆಗೆ ಮುಂಚೆ ಬಿ.ಎ., ಬಿ.ಕಾಂ. ಮುಗಿಸಿ, ಇನ್ನೂ ಏನಾದರೂ ಕಲಿಯಬೇಕಿತ್ತು ಅಂತ ಒಳಗೊಳಗೇ ಅಂದುಕೊಳ್ಳುವವರಿಗೆ ಈ ಒಂದೂವರೆ ಗಂಟೆ ಚಿನ್ನದಂಥದ್ದು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಂಥ ಊರುಗಳಲ್ಲಿ ಮದುವೆಯಾಗಿ ಬಂದ ಹೆಣ್ಣುಮಗಳಿಗೆ ಕಂಪ್ಯೂಟರ್ ಓದು ಅಂದರೆ ತುಮಕೂರಿನ ಬಸ್ಸು ಅಂತಲೇ ಅರ್ಥವಾಗಿತ್ತು. ಕೊರಟಗೆರೆಯಿಂದಾದರೆ ಹೇಗೋ ಹೋಗಿ ಬರಬಹುದು. ಪಾವಗಡದಿಂದ ಸುಮಾರು ನೂರು ಕಿಲೋಮೀಟರ್! ಹೋಗಿ ಬರುವುದರಲ್ಲೇ ದಿನ ಮುಗಿಯಿತು. ಸಂಜೆ ಮಕ್ಕಳು ಬರುವ ಹೊತ್ತಿಗೆ ಬಾಗಿಲು ತೆಗೆಯುವವರು ಯಾರು? ಈ ಒಂದು ಪ್ರಶ್ನೆಗೆ ಎಷ್ಟು ಹೆಣ್ಣುಮಕ್ಕಳ ಓದು ನಿಂತಿದೆಯೋ ಲೆಕ್ಕವಿಲ್ಲ.

ಈಗ ಕಾಲೇಜೇ ಮನೆಗೆ ಬಂದಿದೆ. ಅದರಲ್ಲೂ ವೆಬ್ ಪುಟ ಮಾಡುವ ವಿದ್ಯೆ ನಮ್ಮಂಥವರಿಗೆ ಹೇಳಿ ಮಾಡಿಸಿದ ಹಾಗಿದೆ. ದುಬಾರಿ ಸಾಫ್ಟ್‌ವೇರ್ ಬೇಡ, ಲ್ಯಾಬ್ ಬೇಡ, ಬರೆದ ತಕ್ಷಣ ಫಲ ಕಣ್ಣಿಗೆ ಕಾಣುತ್ತದೆ. ಇದಕ್ಕೆ 'ಕ್ಲೈಂಟ್ ಸೈಡ್ ವೆಬ್ ಪ್ರೋಗ್ರಾಮಿಂಗ್' ಅಂತ ದೊಡ್ಡ ಹೆಸರು. ಹೆಸರಿಗೆ ಹೆದರಬೇಡಿ.

ಅಡುಗೆಮನೆಯೋ, ಪಂಕ್ತಿಯೋ?

ಮದುವೆ ಊಟ ನೆನಪು ಮಾಡಿಕೊಳ್ಳಿ. ಹಿಂದೆ ಭಟ್ಟರು ಅಡುಗೆ ಮಾಡುತ್ತಿರುತ್ತಾರೆ, ಅದು ನಮಗೆ ಕಾಣುವುದಿಲ್ಲ. ಮುಂದೆ ಪಂಕ್ತಿಯಲ್ಲಿ ಎಲೆ, ಬಡಿಸುವವರು, ಉಪಚಾರ. ಇದೆಲ್ಲ ನಮ್ಮ ಕಣ್ಣೆದುರೇ ನಡೆಯುತ್ತದೆ. ವೆಬ್ ಜಗತ್ತೂ ಹೀಗೇನೇ. ಎಲ್ಲೋ ದೂರದಲ್ಲಿರುವ ಸರ್ವರ್ ಎಂಬ ಕಂಪ್ಯೂಟರ್ ಅಡುಗೆಮನೆ. ನಿಮ್ಮ ಮೊಬೈಲ್ ಅಥವಾ ಕಂಪ್ಯೂಟರಿನಲ್ಲಿರುವ ಬ್ರೌಸರ್, ಅಂದರೆ ಕ್ರೋಮ್, ಫೈರ್‌ಫಾಕ್ಸ್ ಇತ್ಯಾದಿ, ನಿಮ್ಮ ಪಂಕ್ತಿ. ಈ ಪಂಕ್ತಿಯಲ್ಲಿ ನಡೆಯುವ ಕೆಲಸವೇ ಕ್ಲೈಂಟ್ ಸೈಡ್.

ಇದರಲ್ಲಿ ಮೂರು ಭಾಷೆಗಳನ್ನು ಕಲಿಯಬೇಕು.

ಮೊದಲನೆಯದು ಎಚ್‌ಟಿಎಂಎಲ್. ಎಲೆಯ ಮೇಲೆ ಏನೇನಿರಬೇಕು ಅಂತ ಹೇಳುವುದು ಇದು. ಇದು ತಲೆಬರಹ, ಇದು ಚಿತ್ರ, ಇದು ಪಟ್ಟಿ, ಇದು ಫಾರಂ ಅಂತ ಗುರುತು ಹಾಕುತ್ತದೆ. 1989ರಲ್ಲಿ ಸ್ವಿಟ್ಜರ್ಲೆಂಡಿನ ಸರ್ನ್ ಸಂಶೋಧನಾ ಕೇಂದ್ರದಲ್ಲಿದ್ದ ಟಿಮ್ ಬರ್ನರ್ಸ್-ಲೀ ಎಂಬ ಬ್ರಿಟಿಷ್ ವಿಜ್ಞಾನಿಯ ಯೋಚನೆಯಿಂದ ಹುಟ್ಟಿದ ವೆಬ್ಬಿಗೆ ಇದೇ ಅಡಿಪಾಯ.

ಎರಡನೆಯದು ಸಿಎಸ್‌ಎಸ್. ಉಪ್ಪು ಎಲ್ಲಿ, ಕೋಸಂಬರಿ ಎಲ್ಲಿ, ಪಾಯಸ ಎಲ್ಲಿ ಅಂತ ನಮ್ಮಲ್ಲಿ ಕ್ರಮ ಇದೆಯಲ್ವಾ? ಹಾಗೆ ಪುಟದ ಬಣ್ಣ, ಅಕ್ಷರದ ಗಾತ್ರ, ಯಾವುದು ಎಡಕ್ಕೆ, ಯಾವುದು ಬಲಕ್ಕೆ ಎಂಬ ಅಚ್ಚುಕಟ್ಟನ್ನೆಲ್ಲ ನೋಡಿಕೊಳ್ಳುವುದು ಇದು. ರಂಗೋಲಿಗೆ ಬಣ್ಣ ತುಂಬುವ ಕೈಗೆ ಇದು ಬೇಗ ಒಲಿಯುತ್ತದೆ.

ಮೂರನೆಯದು ಜಾವಾಸ್ಕ್ರಿಪ್ಟ್. 'ಇನ್ನೊಂದು ಸೌಟು ಹಾಕ್ಲಾ?' ಅಂತ ಕೇಳಿ, ಕೈ ಅಡ್ಡ ಹಿಡಿದರೆ ಮುಂದೆ ಹೋಗುವ ಬಡಿಸುವವರು ಇವರು. ಬಟನ್ ಒತ್ತಿದರೆ ಲೆಕ್ಕ ಮಾಡುವುದು, ಮೊಬೈಲ್ ನಂಬರಿನಲ್ಲಿ ಒಂಬತ್ತೇ ಅಂಕಿ ಇದ್ದರೆ 'ಹತ್ತು ಅಂಕಿ ಬೇಕು' ಅಂತ ಎಚ್ಚರಿಸುವುದು ಎಲ್ಲ ಇದರದೇ ಕೆಲಸ. 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಬ್ರೆಂಡನ್ ಐಕ್ ಇದರ ಮೊದಲ ರೂಪವನ್ನು ಹತ್ತೇ ದಿನದಲ್ಲಿ ಮಾಡಿದರಂತೆ! ಅಂದಹಾಗೆ, ಜಾವಾ ಬೇರೆ, ಜಾವಾಸ್ಕ್ರಿಪ್ಟ್ ಬೇರೆ. ಹೆಸರಿನಲ್ಲಿ ಮಾವು ಇದ್ದ ಮಾತ್ರಕ್ಕೆ ಮಾವಿನಶುಂಠಿ ಮಾವಿನಹಣ್ಣು ಆಗುತ್ತಾ? ಕೋರ್ಸ್ ಆರಿಸುವಾಗ ಇದನ್ನು ಗಮನಿಸಿ, ಒಂದಕ್ಕೆ ಬದಲು ಇನ್ನೊಂದಕ್ಕೆ ದುಡ್ಡು ಕಟ್ಟಿ ಬರಬೇಡಿ.

ಎಲ್ಲಿ ಕಲಿಯೋದು?

ಸ್ವಯಂ: ಕೇಂದ್ರ ಸರ್ಕಾರ 2017ರಲ್ಲಿ ಶುರುಮಾಡಿದ ಆನ್‌ಲೈನ್ ಕಲಿಕಾ ವೇದಿಕೆ. ಐಐಟಿಗಳು, ಇಗ್ನೋ, ನಮ್ಮ ಬೆಂಗಳೂರಿನ ಐಐಎಂ ಎಲ್ಲ ಇದಕ್ಕೆ ಪಾಠ ಕೊಡುತ್ತವೆ. ಜನವರಿ ಮತ್ತು ಜುಲೈ, ಹೀಗೆ ವರ್ಷಕ್ಕೆ ಎರಡು ಸಲ ಕೋರ್ಸುಗಳು ತೆರೆಯುತ್ತವೆ. ಪಾಠ ಕೇಳಲು ಕಾಸಿಲ್ಲ. ಪ್ರಮಾಣಪತ್ರ ಬೇಕಾದವರು ಮಾತ್ರ ಶುಲ್ಕ ಕಟ್ಟಿ, ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಇದರಲ್ಲಿ ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ನಡೆಸುವ ಎನ್‌ಪಿಟೆಲ್ ವಿಭಾಗದಲ್ಲಿ ಪ್ರತಿ ವಾರದ ಮನೆಗೆಲಸಕ್ಕೆ 25, ಕೊನೆಯ ಪರೀಕ್ಷೆಗೆ 75 ಅಂಕ. ಹನ್ನೆರಡು ವಾರದ ಕೋರ್ಸಾದರೆ ಚೆನ್ನಾಗಿ ಮಾಡಿದ ಎಂಟು ಮನೆಗೆಲಸಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಅಂದರೆ ಹಬ್ಬ, ಮಗುವಿನ ಜ್ವರ, ನಾದಿನಿಯ ಸೀಮಂತ ಅಂತ ನಾಲ್ಕು ವಾರ ತಪ್ಪಿದರೂ ಗಾಬರಿ ಬೇಡ.

ಸ್ಪೋಕನ್ ಟ್ಯುಟೋರಿಯಲ್: ಐಐಟಿ ಬಾಂಬೆಯ ಯೋಜನೆ. ಹತ್ತು ನಿಮಿಷದ ಆಸುಪಾಸಿನ ಪುಟ್ಟ ಪುಟ್ಟ ಪಾಠಗಳು. ಕುಕ್ಕರ್ ಮೂರು ಸೀಟಿ ಕೂಗುವಷ್ಟರಲ್ಲಿ ಒಂದು ಪಾಠ ಮುಗಿಯುತ್ತದೆ! ಹಲವು ಪಾಠಗಳಿಗೆ ಕನ್ನಡದ ಧ್ವನಿಯೂ ಇದೆ, ತೆಲುಗೂ ಇದೆ. ಮೂರು ಕಡೆ ಆಂಧ್ರ ಸುತ್ತುವರಿದಿರುವ ಪಾವಗಡದಲ್ಲಿ ಮನೆಮಾತು ತೆಲುಗು ಇರುವವರಿಗೆ ಇದು ಅನುಕೂಲ. ಇಂಗ್ಲಿಷ್ ಅಂದರೆ ಅಳುಕುವವರು ಇಲ್ಲಿಂದಲೇ ಶುರುಮಾಡಿ.

ಇ-ಜ್ಞಾನಕೋಶ: ಇಗ್ನೋದ ಪಠ್ಯಪುಸ್ತಕಗಳೆಲ್ಲ ಪುಕ್ಕಟೆಯಾಗಿ ಸಿಗುವ ಜಾಲತಾಣ. ವೆಬ್ ಪ್ರೋಗ್ರಾಮಿಂಗ್ ಪಾಠಗಳೂ ಇವೆ. ವಿಡಿಯೋಗಿಂತ ಓದಿದರೇನೇ ತಲೆಗೆ ಹತ್ತುತ್ತೆ ಅನ್ನುವವರಿಗೆ.

ಪೂರ್ತಿ ಪದವಿಯೇ ಬೇಕೆ?: ಐಐಟಿ ಮದ್ರಾಸ್ 2020ರಿಂದ ಡೇಟಾ ಸೈನ್ಸ್‌ನಲ್ಲಿ ಆನ್‌ಲೈನ್ ಪದವಿ ನಡೆಸುತ್ತಿದೆ. ವಯಸ್ಸಿನ ಮಿತಿ ಇಲ್ಲ. ನಾಲ್ಕು ವಾರ ಪಾಠ ಕೇಳಿ ಅರ್ಹತಾ ಪರೀಕ್ಷೆ ಪಾಸಾಗಬೇಕು. ಇದರ ಡಿಪ್ಲೊಮಾ ಹಂತದಲ್ಲಿ ವೆಬ್ ತಂತ್ರಾಂಶದ ಎರಡು ವಿಷಯಗಳಿವೆ, ಜಾವಾಸ್ಕ್ರಿಪ್ಟ್ ಬರುವುದು ಎರಡನೆಯದರಲ್ಲಿ. ಆದರೆ ಅದಕ್ಕೆ ಮೊದಲು ಗಣಿತ, ಸಂಖ್ಯಾಶಾಸ್ತ್ರ ದಾಟಬೇಕು, ಶುಲ್ಕವೂ ಕಮ್ಮಿಯೇನಲ್ಲ. ಹಾಗಾಗಿ ಮೊದಲು ಪುಕ್ಕಟೆ ಪಾಠದಲ್ಲಿ ಆರು ತಿಂಗಳು ಕೈ ಪಳಗಿಸಿ, ಆಮೇಲೆ ಯೋಚಿಸಿ.

ಯಾವುದೇ ವಿಶ್ವವಿದ್ಯಾಲಯದ ಆನ್‌ಲೈನ್ ಪದವಿಗೆ ದುಡ್ಡು ಕಟ್ಟುವ ಮುಂಚೆ ಯುಜಿಸಿಯ ದೂರಶಿಕ್ಷಣ ಬ್ಯೂರೋ ಪಟ್ಟಿಯಲ್ಲಿ ಆ ವರ್ಷಕ್ಕೆ, ಆ ಕೋರ್ಸಿಗೆ ಮಾನ್ಯತೆ ಇದೆಯಾ ಅಂತ ನೋಡಲೇಬೇಕು. ನಮ್ಮದೇ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಮಾನ್ಯತೆ 2015ರಲ್ಲಿ ರದ್ದಾಗಿ, ಮರಳಿ ಸಿಕ್ಕಿದ್ದು 2018ರಲ್ಲಿ. ನಡುವೆ ಓದುತ್ತಿದ್ದವರು ಪಟ್ಟ ಪಾಡು ನಿಮಗೆ ನೆನಪಿರಬಹುದು.

ಖರ್ಚು ಎಷ್ಟಾಗುತ್ತೆ?

ಪಾಠ ಕೇಳಲು ಮೊಬೈಲ್ ಸಾಕು. ಬರೆಯಲು ಮಾತ್ರ ಕೀಲಿಮಣೆ ಇರುವ ಕಂಪ್ಯೂಟರ್ ಬೇಕೇ ಬೇಕು. ಹೊಸದೇ ಆಗಬೇಕಿಲ್ಲ. ಮಗನ ಹಳೆಯ ಲ್ಯಾಪ್‌ಟಾಪ್ ಮೂಲೆಯಲ್ಲಿದ್ದರೆ ಧೂಳು ಒರೆಸಿ ತೆಗೆಯಿರಿ. ವೆಬ್ ಪುಟ ಬರೆಯಲು ವಿಂಡೋಸ್ ಜತೆ ಬರುವ ನೋಟ್‌ಪ್ಯಾಡ್ ಸಾಕು. ಕೈ ಕುದುರಿದ ಮೇಲೆ ವಿಷುವಲ್ ಸ್ಟುಡಿಯೋ ಕೋಡ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿಕೊಳ್ಳಿ.

ಎನ್‌ಪಿಟೆಲ್ ಪರೀಕ್ಷೆಗೆ ಶುಲ್ಕ ಸಾವಿರ ರೂಪಾಯಿಯ ಆಸುಪಾಸು. ಗೃಹಲಕ್ಷ್ಮಿ ದುಡ್ಡು ಬರುವ ಮನೆಯಾದರೆ ಒಂದು ತಿಂಗಳ ಎರಡು ಸಾವಿರದಲ್ಲಿ ಅರ್ಧ ನಿಮ್ಮ ಓದಿಗೆ ಅಂತ ಎತ್ತಿಡಿ. ಅದೂ ಮನೆಯ ಖರ್ಚೇ! ಪರೀಕ್ಷೆಗೆ ಬೇರೆ ಊರಿಗೆ ಹೋಗಬೇಕಾದರೆ 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆ ಇದೆಯಲ್ಲ, ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡೂ ಉಳಿಯಿತು. ಆಧಾರ್ ಕಾರ್ಡ್ ಬ್ಯಾಗಿನಲ್ಲಿರಲಿ, ಪರೀಕ್ಷೆಗೂ ಗುರುತಿನ ಚೀಟಿ ಬೇಕಾಗುತ್ತದೆ.

ಕರೆಂಟಿನ ಮಾತು. ಪಾವಗಡದ ತಿರುಮಣಿಯಲ್ಲಿ 2050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕೇ ಇದೆ ನಿಜ, ಹಾಗಂತ ನಮ್ಮ ಮನೆಯ ಕರೆಂಟು ಹೇಳಿ ಕೇಳಿ ಹೋಗುತ್ತಾ? ಕರೆಂಟು, ನೆಟ್‌ವರ್ಕ್ ಎರಡೂ ಇರುವಾಗಲೇ ವಾರದ ವಿಡಿಯೋಗಳನ್ನು ಇಳಿಸಿಟ್ಟುಕೊಳ್ಳಿ. ಬರೆಯುವುದಕ್ಕೆ, ಬರೆದದ್ದನ್ನು ಬ್ರೌಸರಿನಲ್ಲಿ ನೋಡುವುದಕ್ಕೆ ಇಂಟರ್‌ನೆಟ್ ಬೇಕಿಲ್ಲ.

ಕನ್ನಡದಲ್ಲೇ ಬರೆಯಿರಿ

ಮೊದಲ ಪುಟ ನಿಮ್ಮೂರಿನದೇ ಆಗಲಿ. ಮಧುಗಿರಿಯವರು ಏಕಶಿಲಾ ಬೆಟ್ಟ, ದಂಡಿನ ಮಾರಮ್ಮನ ಗುಡಿ, ಮೈದನಹಳ್ಳಿಯ ಕೃಷ್ಣಮೃಗಗಳ ಬಗ್ಗೆ ಬರೆಯಿರಿ. ಶಿರಾದವರಿಗೆ ಕಗ್ಗಲಡುವಿನ ಹುಣಸೆ ಮರಗಳ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳಿವೆ. ಕೊರಟಗೆರೆಯವರಿಗೆ ಗೊರವನಹಳ್ಳಿ ಮಹಾಲಕ್ಷ್ಮಿ, ಸಿದ್ದರಬೆಟ್ಟ. ಪಾವಗಡದವರಿಗೆ ಶನಿಮಹಾತ್ಮ, ನಿಡಗಲ್ಲು. ತಲೆಬರಹ ಒಂದು, ಚಿತ್ರ ಎರಡು, ಬಸ್ಸಿನ ವೇಳೆಯ ಪಟ್ಟಿ ಒಂದು. ಇಷ್ಟರಲ್ಲೇ ಎಚ್‌ಟಿಎಂಎಲ್‌ನ ಅರ್ಧ ಪಾಠ ಮುಗಿಯುತ್ತದೆ.

ಕನ್ನಡದಲ್ಲಿ ಬರೆಯುವಾಗ ಮೂರು ಎಚ್ಚರಿಕೆ. ಒಂದು, ಪುಟದ ಆರಂಭದಲ್ಲೇ ಅಕ್ಷರ ಸಂಕೇತ ಯುಟಿಎಫ್-8 ಅಂತ ಘೋಷಿಸಿ, ಕಡತ ಉಳಿಸುವಾಗಲೂ ಅದನ್ನೇ ಆರಿಸಿ. ಇಲ್ಲದಿದ್ದರೆ 'ಮಧುಗಿರಿ' ಬದಲು ಚಿತ್ರವಿಚಿತ್ರ ಗುರುತುಗಳು ಕಾಣಿಸಬಹುದು. ಎರಡು, ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದನ್ನು ಹಾಗೇ ತಂದು ಅಂಟಿಸಬೇಡಿ. ಅವು ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ ತೊಡಿಸಿದಂಥವು. ಆ ಫಾಂಟ್ ಇಲ್ಲದ ಫೋನಿನಲ್ಲಿ ವೇಷ ಕಳಚಿ ಬೀಳುತ್ತದೆ. ಯುನಿಕೋಡ್‌ಗೆ ಬದಲಾಯಿಸಿ ಬಳಸಿ. ಯುನಿಕೋಡ್‌ನಲ್ಲಿ ಪ್ರತಿ ಅಕ್ಷರಕ್ಕೂ ಜಗತ್ತಿನಾದ್ಯಂತ ಒಂದೇ ಸಂಖ್ಯೆ, ನಮ್ಮ 'ಕ' ಅಕ್ಷರದ್ದು 3221. ಮೂರು, ಪುಟದ ಭಾಷೆ ಕನ್ನಡ ಅಂತಲೂ ನಮೂದಿಸಿ. ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ತಂತ್ರಾಂಶಗಳಿಗೆ ಇದರಿಂದ ಸಹಾಯ.

ಸಂಘದ ಸಾಲ, ಬಡ್ಡಿಯ ಲೆಕ್ಕ

ಜಾವಾಸ್ಕ್ರಿಪ್ಟ್‌ಗೆ ಬಂದಾಗ ಕೋರ್ಸಿನವರು ಕೊಡುವ ಉದಾಹರಣೆ ಮಾಡಿ ಮುಗಿಸಿ. ಆಮೇಲೆ ನಿಮಗೆ ಬೇಕಾದದ್ದನ್ನು ಮಾಡಿ. ನನ್ನನ್ನು ಕೇಳಿದರೆ, ಮೊದಲು ಮಾಡಬೇಕಾದ್ದು ಸಾಲದ ಬಡ್ಡಿ ಲೆಕ್ಕದ ಪುಟ. ಸ್ತ್ರೀಶಕ್ತಿ ಸಂಘವೋ, ಫೈನಾನ್ಸಿನವರೋ, ನಾವು ಎಲ್ಲಿಂದಾದರೂ ಸಾಲ ತರುತ್ತೇವೆ. ಬಡ್ಡಿಯ ಲೆಕ್ಕ ಮಾತ್ರ ಅವರು ಹೇಳಿದ್ದೇ ವೇದವಾಕ್ಯ!

ಹತ್ತು ಸಾವಿರ ಸಾಲ, ಹತ್ತು ಕಂತು, ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ ಅಂತಿಟ್ಟುಕೊಳ್ಳಿ. ಕೊನೆಯವರೆಗೂ ಪೂರ್ತಿ ಹತ್ತು ಸಾವಿರಕ್ಕೇ ಬಡ್ಡಿ ಹಾಕಿದರೆ ತಿಂಗಳಿಗೆ ನೂರರಂತೆ ಸಾವಿರ ರೂಪಾಯಿ. ತಿಂಗಳಿಗೆ ಸಾವಿರ ಅಸಲು ತೀರಿಸುತ್ತಾ, ಉಳಿದ ಅಸಲಿಗಷ್ಟೇ ಬಡ್ಡಿ ಹಾಕಿದರೆ ಮೊದಲ ತಿಂಗಳು 100, ಎರಡನೇ ತಿಂಗಳು 90, ಹೀಗೆ ಇಳಿದು ಒಟ್ಟು 550. ದರ ಒಂದೇ, ಆದರೆ ನಾನೂರೈವತ್ತು ರೂಪಾಯಿ ವ್ಯತ್ಯಾಸ! ನಿಮ್ಮ ಪುಟದಲ್ಲಿ ಅಸಲು, ದರ, ಕಂತು ಅಂತ ಮೂರು ಪೆಟ್ಟಿಗೆ, ಒಂದು ಬಟನ್ ಇರಲಿ. ಒತ್ತಿದರೆ ಎರಡೂ ಲೆಕ್ಕ ಪಕ್ಕಪಕ್ಕದಲ್ಲಿ ಬರಲಿ. ಹತ್ತು ತಿಂಗಳಿಗೆ ಹತ್ತು ಸಲ ಅದೇ ಲೆಕ್ಕ ಮಾಡಿಸುವುದನ್ನು 'ಲೂಪ್' ಅನ್ನುತ್ತಾರೆ, ಪೆಟ್ಟಿಗೆ ಖಾಲಿ ಇದ್ದರೆ ಎಚ್ಚರಿಸುವುದನ್ನು 'ಇಫ್' ಅನ್ನುತ್ತಾರೆ. ಪ್ರೋಗ್ರಾಮಿಂಗ್‌ನ ಜೀವಾಳವೇ ಇವೆರಡು.

ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳ ತಡೆಯಲು ರಾಜ್ಯದಲ್ಲಿ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಸಾಲದ ಕಾಗದಕ್ಕೆ ಸಹಿ ಹಾಕುವ ಮುಂಚೆ ಮನೆಯ ಹೆಂಗಸು ತಾನೇ ಮಾಡಿದ ಪುಟದಲ್ಲಿ ಲೆಕ್ಕ ಒತ್ತಿ ನೋಡಿ, 'ಬಡ್ಡಿ ಯಾವ ಅಸಲಿಗೆ ಹಾಕ್ತೀರಿ ಸ್ವಾಮಿ?' ಅಂತ ಕೇಳುವಂತಾದರೆ, ಕಲಿತದ್ದು ಅಲ್ಲಿಗೇ ಸಾರ್ಥಕ.

ಇಲ್ಲೊಂದು ಗುಟ್ಟು. ಪೆಟ್ಟಿಗೆಯಲ್ಲಿ 500 ಅಂತ ಬರೆದು, ಇನ್ನೊಂದರಲ್ಲಿ 50 ಅಂತ ಬರೆದು ಕೂಡಿಸಿದರೆ ಉತ್ತರ 50050 ಅಂತ ಬರಬಹುದು. ಕಂಪ್ಯೂಟರ್ ಕೆಟ್ಟಿಲ್ಲ! ಪೆಟ್ಟಿಗೆಯಲ್ಲಿ ಬರೆದದ್ದನ್ನು ಜಾವಾಸ್ಕ್ರಿಪ್ಟ್ ಅಕ್ಷರ ಅಂತ ತಿಳಿದು, ಹೂವಿಗೆ ಹೂವು ಪೋಣಿಸಿದ ಹಾಗೆ ಜೋಡಿಸುತ್ತದೆ. ಮೊದಲು ಅದನ್ನು ಸಂಖ್ಯೆಯಾಗಿ ಬದಲಾಯಿಸಿ, ಆಮೇಲೆ ಕೂಡಿಸಬೇಕು. ದೊಡ್ಡಕ್ಷರ, ಸಣ್ಣಕ್ಷರದ ವ್ಯತ್ಯಾಸವೂ ಜಾವಾಸ್ಕ್ರಿಪ್ಟ್‌ಗೆ ಮುಖ್ಯ. ಬಟನ್ ಒತ್ತಿದರೂ ಏನೂ ಆಗದಿದ್ದರೆ ಎಫ್ 12 ಕೀ ಒತ್ತಿ, 'ಕನ್ಸೋಲ್' ಅನ್ನುವಲ್ಲಿ ನೋಡಿ. ತಪ್ಪು ಯಾವ ಸಾಲಿನಲ್ಲಿದೆ ಅಂತ ಕೆಂಪಕ್ಷರದಲ್ಲಿ ತಾನೇ ಹೇಳುತ್ತದೆ. ಲ್ಯಾಪ್‌ಟಾಪಿನಲ್ಲಿ ಎಫ್ 12 ಜತೆ 'ಎಫ್‌ಎನ್' ಕೀಯನ್ನೂ ಒತ್ತಬೇಕಾಗಬಹುದು.

ಇನ್ನೊಂದು ಮಾತು. ಕ್ಲೈಂಟ್ ಸೈಡ್‌ನಲ್ಲಿ ಬರೆದದ್ದನ್ನು ಯಾರು ಬೇಕಾದರೂ ತೆರೆದು ನೋಡಬಹುದು, ಪಂಕ್ತಿಯಲ್ಲಿ ಎಲೆ ಮುಚ್ಚಿಡಲಾಗುತ್ತಾ? ಹಾಗಾಗಿ ಪಾಸ್‌ವರ್ಡ್, ಬ್ಯಾಂಕ್ ವಿವರ, ಸಂಘದ ಸದಸ್ಯೆಯರ ಆಧಾರ್ ಸಂಖ್ಯೆ ಇವನ್ನೆಲ್ಲ ಪುಟದೊಳಗೆ ಬರೆದಿಡಲೇಬೇಡಿ.

'ಈ ವಯಸ್ಸಲ್ಲಿ ಇದೆಲ್ಲ ಯಾಕಮ್ಮಾ?'

ಈ ಮಾತು ಅತ್ತೆಯಿಂದಲೋ, ಮನೆಯವರಿಂದಲೋ, ಕೊನೆಗೆ ಮಕ್ಕಳಿಂದಲೋ ಬಂದೇ ಬರುತ್ತದೆ. ಜಗಳಕ್ಕೆ ನಿಲ್ಲಬೇಡಿ. ಆದರೆ ಸೋತು ಕೂರಲೂ ಬೇಡಿ. ಮಗಳ ಟ್ಯೂಷನ್ನಿಗೆ, ಅವರ ವಾಕಿಂಗಿಗೆ ವೇಳೆ ಇರುವ ಹಾಗೆ ನಿಮ್ಮ ಪಾಠಕ್ಕೂ ಒಂದು ವೇಳೆ ಅಂತ ಹೇಳಿ, ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದು ತೂಗುಹಾಕಿ. ಬಿಡುವಾದಾಗ ಓದ್ತೀನಿ ಅಂದರೆ ನಮಗೆ ಬಿಡುವು ಆಗುವುದೇ ಇಲ್ಲ! ದಿನಕ್ಕೆ ಒಂದೇ ಗಂಟೆ, ವಾರಕ್ಕೆ ಐದು ದಿನ. ಅದರಲ್ಲಿ ಇಪ್ಪತ್ತು ನಿಮಿಷ ಕೇಳುವುದು, ನಲವತ್ತು ನಿಮಿಷ ಕೈಯಾರೆ ಬರೆಯುವುದು. ಪಾಕಪುಸ್ತಕ ಓದಿದ ಮಾತ್ರಕ್ಕೆ ಮೈಸೂರುಪಾಕಿನ ಪಾಕ ಹದಕ್ಕೆ ಬರುತ್ತಾ? ಇದೂ ಹಾಗೇ.

ಒಬ್ಬರೇ ಕೂರುವುದು ಕಷ್ಟ ಅನ್ನಿಸಿದರೆ ಬೀದಿಯಲ್ಲಿ ಇನ್ನಿಬ್ಬರನ್ನು ಜತೆ ಮಾಡಿಕೊಳ್ಳಿ. ಅಕ್ಕಪಕ್ಕದ ಮನೆಯವರು ಒಂದೇ ಕೋರ್ಸಿಗೆ ಸೇರಿದರೆ ವಾರಕ್ಕೊಂದು ದಿನ ಕಾಫಿ ಜತೆಗೆ ಸಂಶಯಗಳೂ ಬಗೆಹರಿಯುತ್ತವೆ.

ಕೆಲಸ ಸಿಗುತ್ತಾ?

ನೇರವಾಗಿ ಹೇಳುತ್ತೇನೆ. ಒಂದು ಪ್ರಮಾಣಪತ್ರ ಹಿಡಿದು ಹೋದ ಕೂಡಲೇ ಬೆಂಗಳೂರಿನ ಕಂಪನಿಗಳು ಕೈಹಿಡಿದು ಕರೆಯುವುದಿಲ್ಲ. ಈಗ ಕೃತಕ ಬುದ್ಧಿಮತ್ತೆ ಬಂದು ಕೇಳಿದ ಕೋಡನ್ನೆಲ್ಲ ಬರೆದುಕೊಡುತ್ತಿದೆ. ಹಾಗಾದರೆ ಕಲಿತು ಏನು ಪ್ರಯೋಜನ ಅಂತೀರಾ? ಮಿಕ್ಸಿ ಬಂತು ಅಂತ ಚಟ್ನಿಯ ಉಪ್ಪು, ಹುಳಿ ನೋಡುವ ನಾಲಿಗೆ ಬೇಡವಾಯಿತೇ? ಅದು ಬರೆದದ್ದು ಸರಿಯೋ ತಪ್ಪೋ ಹೇಳಲು ನಿಮಗೆ ವಿದ್ಯೆ ಬೇಕು. ಮನೆಗೆಲಸವನ್ನು ಮಾತ್ರ ಅದರ ಕೈಲಿ ಮಾಡಿಸಬೇಡಿ, ಪರೀಕ್ಷಾ ಕೊಠಡಿಯಲ್ಲಿ ಅದು ಜತೆಗೆ ಬರುವುದಿಲ್ಲ.

ದುಡಿಮೆ ಹತ್ತಿರದಲ್ಲೇ ಹುಟ್ಟಬಹುದು. ನಿಮ್ಮೂರಿನ ಟೈಲರಿಂಗ್ ಅಂಗಡಿ, ಹಪ್ಪಳ ಸಂಡಿಗೆ ಮಾಡುವವರು, ಖಾಸಗಿ ಶಾಲೆ, ಕಲ್ಯಾಣಮಂಟಪ ಇವರಿಗೆಲ್ಲ ವಿಳಾಸ, ದರಪಟ್ಟಿ, ಚಿತ್ರ ಇರುವ ಒಂದು ಕನ್ನಡ ಪುಟ ಬೇಕು. ಗಿಟ್‌ಹಬ್ ಪೇಜಸ್‌ನಂಥ ಕಡೆ ನಿಮ್ಮ ಕಲಿಕೆಯ ಪುಟಗಳನ್ನು ಪುಕ್ಕಟೆಯಾಗಿ ಇಟ್ಟು ತೋರಿಸಬಹುದು. ಎರಡು ಮೂರು ಪುಟ ಸ್ನೇಹಕ್ಕೆ ಮಾಡಿಕೊಡಿ. ನಾಲ್ಕನೆಯದಕ್ಕೆ ಸಂಕೋಚವಿಲ್ಲದೆ ದುಡ್ಡು ಕೇಳಿ. ಅರ್ಧ ಮುಂಗಡ, ಅರ್ಧ ಮುಗಿದ ಮೇಲೆ ಅಂತ ಮೊದಲೇ ಮಾತಾಡಿ. 'ಮನೇಲೇ ಇರ್ತೀರಲ್ಲ, ಮಾಡಿಕೊಡಿ' ಅನ್ನುವವರಿಗೆ ನಗುತ್ತಲೇ ದರ ಹೇಳಲು ಕಲಿಯುವುದೂ ಈ ಕೋರ್ಸಿನ ಒಂದು ಪಾಠ ಅಂತಿಟ್ಟುಕೊಳ್ಳಿ.

ಜೋಕೆ! 'ಮನೆಯಲ್ಲೇ ಕುಳಿತು ತಿಂಗಳಿಗೆ ಐವತ್ತು ಸಾವಿರ, ಮೊದಲು ನೋಂದಣಿ ಶುಲ್ಕ ಕಟ್ಟಿ' ಅನ್ನುವ ಸಂದೇಶ ಬಂದರೆ ಅಳಿಸಿಹಾಕಿ. ಕೆಲಸ ಕೊಡುವವರು ನಿಮಗೆ ದುಡ್ಡು ಕೊಡಬೇಕೇ ಹೊರತು ನಿಮ್ಮಿಂದ ಕೇಳಬಾರದು. ದುಡ್ಡು ಹೋಗಿಯೇ ಬಿಟ್ಟಿದ್ದರೆ ಮನೆಯವರು ಬೈದಾರು ಅಂತ ಮುಚ್ಚಿಡದೆ ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ದುಡ್ಡು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಮೊದಲ ವಾರಕ್ಕೆ ಇಷ್ಟು ಸಾಕು

* ಸೋಮವಾರ: ನೋಟ್‌ಪ್ಯಾಡ್‌ನಲ್ಲಿ ನಿಮ್ಮ ಹೆಸರು, ಊರು ಬರೆದು ಎಚ್‌ಟಿಎಂಎಲ್ ಕಡತವಾಗಿ ಉಳಿಸಿ, ಬ್ರೌಸರಿನಲ್ಲಿ ತೆರೆಯಿರಿ.
* ಮಂಗಳವಾರ: ತಲೆಬರಹ, ಎರಡು ಪ್ಯಾರಾ ಸೇರಿಸಿ.
* ಬುಧವಾರ: ಮನೆಯ ದಿನಸಿ ಪಟ್ಟಿಯನ್ನು ಪುಟದಲ್ಲಿ ಪಟ್ಟಿಯಾಗಿ ಬರೆಯಿರಿ.
* ಗುರುವಾರ: ಸಿಎಸ್‌ಎಸ್‌ನಲ್ಲಿ ನಿಮಗೆ ಇಷ್ಟದ ಸೀರೆಯ ಅಂಚಿನ ಬಣ್ಣವನ್ನು ತಲೆಬರಹಕ್ಕೆ ಕೊಡಿ.
* ಶುಕ್ರವಾರ: ಪೂಜೆ ಮುಗಿಸಿ, ಒಂದು ಬಟನ್ ಹಾಕಿ. ಒತ್ತಿದರೆ 'ನಮಸ್ಕಾರ' ಅನ್ನಲಿ.
* ಶನಿವಾರ: ಮಾಡಿದ್ದನ್ನು ಮನೆಯವರಿಗೆ ತೋರಿಸಿ.
* ಭಾನುವಾರ: ರಜೆ. ಅಡುಗೆಗೂ ರಜೆ ಸಿಗುತ್ತಾ ಕೇಳಿ ನೋಡಿ!